ಮೂವತ್ತೇಳರ ಸ್ವಂತ ಗುಣ



ಇಂದಿನ ಉಪನ್ಯಾಸ ಒಂದೇ ಒಂದು ಸಂಖ್ಯೆಯ ಮೇಲೆ. ಆ ಸಂಖ್ಯೆ 37. ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ ಅವಿಭಾಜ್ಯ ಸಂಖ್ಯೆಗಳ ಸಾಲಿನಲ್ಲಿ ಇದು ಹನ್ನೆರಡನೆಯದು. ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್‌ನ ಕಾಲದಿಂದಲೂ ಗೊತ್ತು. ಅಷ್ಟೊಂದರಲ್ಲಿ ಇದನ್ನೇ ಏಕೆ ಆರಿಸಿಕೊಂಡೆನೆಂದರೆ, ಐದನೆಯ ತರಗತಿಯ ಮಗು ಮಗ್ಗಿ ಬರೆಯುತ್ತಲೇ ಕಂಡು ಹಿಗ್ಗುವ ಗುಣವೂ ಇದರಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಒಬ್ಬ ಮಹಾ ಗಣಿತಜ್ಞನ ದಾರಿಗೆ ಅಡ್ಡ ನಿಂತ ಗುಣವೂ ಇದರಲ್ಲಿದೆ. ಈ ಗುಣಗಳಲ್ಲಿ ಯಾವುದು 37ರ ಸ್ವಂತದ್ದು, ಯಾವುದು ನಾವು ಹತ್ತರ ಲೆಕ್ಕದಲ್ಲಿ ಅಂಕಿ ಬರೆಯುವುದರಿಂದ ಅದಕ್ಕೆ ಅಂಟಿಕೊಂಡದ್ದು, ಯಾವುದು ಬರೀ ಕಾಕತಾಳೀಯ ಎಂದು ಬೇರ್ಪಡಿಸಿ ನೋಡುವುದೇ ನನ್ನ ಉದ್ದೇಶ. ಹಾಗೆ ಬೇರ್ಪಡಿಸದೆ ಬೆರಗಾದರೆ ಗಣಿತ ಅಲ್ಲಿಗೇ ನಿಂತುಬಿಡುತ್ತದೆ.

ಮೊದಲು ಮಗ್ಗಿ. 37 ಮೂರಲೆ 111. ಆರಲೆ 222, ಒಂಬತ್ತಲೆ 333. ಹೀಗೆ ಮೂರರ ಹೆಜ್ಜೆಯಲ್ಲಿ ನಡೆದರೆ 27ಕ್ಕೆ 999 ಬರುತ್ತದೆ. ಇದನ್ನೇ ತಿರುಗಿಸಿ ಹೇಳಬಹುದು: ಒಂದೇ ಅಂಕಿಯನ್ನು ಮೂರು ಸಲ ಬರೆದು, ಆ ಮೂರು ಅಂಕಿಗಳ ಮೊತ್ತದಿಂದ ಭಾಗಿಸಿದರೆ ಯಾವಾಗಲೂ 37. ಉದಾಹರಣೆಗೆ 888ನ್ನು 24ರಿಂದ ಭಾಗಿಸಿದರೂ 37, 555ನ್ನು 15ರಿಂದ ಭಾಗಿಸಿದರೂ 37. ಮಕ್ಕಳ ಗಣಿತ ಮೇಳಗಳಲ್ಲಿ ಇದು ಹಳೆಯ ಆಟ, ಇಲ್ಲಿ ಹೆಚ್ಚು ಹೊತ್ತು ನಿಲ್ಲುವ ಅಗತ್ಯವಿಲ್ಲ.

ಇದಕ್ಕಿಂತ ಸೊಗಸಾದದ್ದು ಇನ್ನೊಂದಿದೆ. 37ರ ಯಾವುದಾದರೂ ಮೂರಂಕಿಯ ಅಪವರ್ತ್ಯ ತೆಗೆದುಕೊಳ್ಳಿ, 185 ಎಂದಿಟ್ಟುಕೊಳ್ಳೋಣ; ಅದು 37ರ ಐದರಷ್ಟು. ಮೊದಲ ಅಂಕಿಯನ್ನು ಕಿತ್ತು ಕೊನೆಗೆ ಹಚ್ಚಿ: 851. ಅದು 37ರ ಇಪ್ಪತ್ತಮೂರರಷ್ಟು. ಮತ್ತೊಮ್ಮೆ ಹಾಗೆಯೇ ಮಾಡಿ: 518. ಅದು ಹದಿನಾಲ್ಕರಷ್ಟು. ಅಂಕಿಗಳನ್ನು ಹೀಗೆ ಸುತ್ತ ತಿರುಗಿಸಿದರೂ 37ರ ಹಿಡಿತ ತಪ್ಪುವುದಿಲ್ಲ. ಏಕೆ? ಕಪ್ಪುಹಲಗೆಯ ಮೇಲೆ ಎರಡೇ ಸಾಲಿನಲ್ಲಿ ತೋರಿಸಬಹುದು. 185ನ್ನು ಹತ್ತರಿಂದ ಗುಣಿಸಿದರೆ 1850. ಅದರಲ್ಲಿ 999 ಕಳೆದರೆ 851. ಗುಣಿಸುವಾಗ ಸಾವಿರದ ಸ್ಥಾನಕ್ಕೆ ಏರಿದ 1ನ್ನು ತೆಗೆದು ಬಿಡಿಸ್ಥಾನಕ್ಕೆ ಇಳಿಸುವುದೆಂದರೆ 1000 ಕಳೆದು 1 ಕೂಡಿಸುವುದು, ಅಂದರೆ 999 ಕಳೆಯುವುದು. 1850 ಕೂಡ 37ರ ಅಪವರ್ತ್ಯ, 999 ಕೂಡ 37ರ ಅಪವರ್ತ್ಯ. ಆದ್ದರಿಂದ ಅವುಗಳ ವ್ಯತ್ಯಾಸವೂ ಹೌದು. 851ರಿಂದ 518ಕ್ಕೆ ಹೋಗುವಾಗ 8510ರಿಂದ 999ನ್ನು ಎಂಟು ಸಲ ಕಳೆಯಬೇಕು, ಅಷ್ಟೇ ವ್ಯತ್ಯಾಸ.

ಅಂದಮೇಲೆ ಚಮತ್ಕಾರದ ಮೂಲ 999. ಅದು 27×37. 1ನ್ನು 37ರಿಂದ ಭಾಗಿಸಿದರೆ 0.027027027… ಎಂದು ಮೂರು ಮೂರು ಅಂಕಿಗಳ ಆವರ್ತ ಬರುತ್ತದೆ; 1ನ್ನು 27ರಿಂದ ಭಾಗಿಸಿದರೆ 0.037037037…. ಒಂದರ ಭಿನ್ನರಾಶಿಯಲ್ಲಿ ಇನ್ನೊಂದು ಕುಳಿತಿದೆ. ಅವಿಭಾಜ್ಯ ಸಂಖ್ಯೆಗಳಲ್ಲಿ ಸರಿಯಾಗಿ ಮೂರಂಕಿಯ ಆವರ್ತ ಇರುವುದು 37 ಒಂದಕ್ಕೇ. ಕಾರಣ ಸರಳ: ಮೂರಂಕಿಯ ಆವರ್ತ ಇರಬೇಕಾದರೆ ಆ ಸಂಖ್ಯೆ 999ನ್ನು ಭಾಗಿಸಬೇಕು; 999ನ್ನು ಭಾಗಿಸುವ ಅವಿಭಾಜ್ಯಗಳು 3 ಮತ್ತು 37 ಮಾತ್ರ; 3ರ ಆವರ್ತ ಒಂದೇ ಅಂಕಿಯದು.

ಇದರಿಂದ ಒಂದು ಉಪಯೋಗದ ಪರೀಕ್ಷೆಯೂ ಸಿಗುತ್ತದೆ. 9ರಿಂದ ಭಾಗವಾಗುತ್ತದೆಯೇ ಎಂದು ನೋಡಲು ನಾವು ಅಂಕಿಗಳನ್ನು ಕೂಡಿಸುತ್ತೇವೆ. 37ಕ್ಕೆ ಅಂಕಿಗಳನ್ನು ಬಲದಿಂದ ಮೂರು ಮೂರಾಗಿ ಗುಂಪು ಮಾಡಿ ಆ ಗುಂಪುಗಳನ್ನು ಕೂಡಿಸಬೇಕು. ನಮ್ಮ ಸಾವಿರ, ಲಕ್ಷ, ಕೋಟಿಗಳ ಅಲ್ಪವಿರಾಮ ಮೊದಲ ಮೂರರ ನಂತರ ಎರಡೆರಡಾಗಿ ಬೀಳುವುದರಿಂದ ಇಲ್ಲಿ ಅದನ್ನು ಮರೆತು, ಪ್ರತಿ ಮೂರಕ್ಕೂ ಗೆರೆ ಎಳೆಯಬೇಕು. ಈ ಪರೀಕ್ಷೆಯನ್ನು ನೆನಪಿಟ್ಟುಕೊಳ್ಳಿ, ಉಪನ್ಯಾಸದ ಕೊನೆಯ ಭಾಗದಲ್ಲಿ ಇದು ಒಂದು ದೊಡ್ಡ ಕೆಲಸಕ್ಕೆ ಬರುತ್ತದೆ.

ಅಂಕಿಗಳ ಇಂಥ ಸೊಬಗನ್ನು ಗ್ರಂಥದಲ್ಲಿ ಬರೆದಿಟ್ಟವರಲ್ಲಿ ನಮ್ಮ ನೆಲಕ್ಕೆ ಸೇರಿದ ಒಬ್ಬನನ್ನು ಇಲ್ಲಿ ಸ್ಮರಿಸಲೇಬೇಕು. ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನನ್ನು ಹೊಗಳಿ ಆರಂಭವಾಗುವ ‘ಗಣಿತಸಾರಸಂಗ್ರಹ’ವನ್ನು ಮಹಾವೀರಾಚಾರ್ಯ ಸುಮಾರು 850ರಲ್ಲಿ ರಚಿಸಿದ. ಗುಣಾಕಾರದ ಉದಾಹರಣೆಗಳಲ್ಲಿ ಅವನು ಹಾರದಂತೆ ಎರಡೂ ಕಡೆಯಿಂದ ಒಂದೇ ಥರ ಕಾಣುವ ಗುಣಲಬ್ಧಗಳನ್ನು ಆರಿಸಿ ಆರಿಸಿ ಕೊಡುತ್ತಾನೆ. ಅವುಗಳಲ್ಲಿ ಒಂದು, 27994681ನ್ನು 441ರಿಂದ ಗುಣಿಸುವುದು. ಉತ್ತರ 12345654321. ಒಂದರಿಂದ ಆರಕ್ಕೆ ಏರಿ, ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆ. ಇದರ ಒಳಗನ್ನು ಬಿಚ್ಚಿ ನೋಡಿ. 12345654321 ಎಂಬುದು 111111ರ ವರ್ಗ. 111111 ಎಂಬುದು 3×7×11×13×37. 441 ಎಂಬುದು 3×7ರ ವರ್ಗ. ಉಳಿದ 11×13×37ರ ವರ್ಗವೇ 27994681. ಆಚಾರ್ಯ ಪೋಣಿಸಿದ ಹಾರದಲ್ಲಿ ನಮ್ಮ 37 ಎರಡು ಸಲ ಕೂತಿದೆ. ಸುಮ್ಮನೆ ಕಣ್ಣಿಗೆ ಬಿದ್ದ ಸಂಖ್ಯೆಗಳನ್ನು ಹೆಕ್ಕಿ ಇಂಥ ಉದಾಹರಣೆ ಕಟ್ಟಲು ಆಗುವುದಿಲ್ಲ. ಅಪವರ್ತನಗಳ ಮೇಲೆ ಗಟ್ಟಿ ಹಿಡಿತ ಇದ್ದವನೇ ಕಟ್ಟಬೇಕು. ಈ ಗ್ರಂಥವನ್ನು ಪ್ರೊ. ಪದ್ಮಾವತಮ್ಮನವರು ಕನ್ನಡಕ್ಕೆ ತಂದಿದ್ದಾರೆ. 2000ದಲ್ಲಿ ಹೊಂಬುಜದಿಂದ ಅದು ಪ್ರಕಟವಾಗಿದೆ. ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿ ಅದು ಇರಬೇಕಾದ ಪುಸ್ತಕ.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಪ್ರೀತಿಯನ್ನು ಬದುಕಿನುದ್ದಕ್ಕೂ ಸಾಕಿದವರು ದತ್ತಾತ್ರೇಯ ರಾಮಚಂದ್ರ ಕಪ್ರೇಕರ್. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದವರು. 6174 ಎಂಬ ಸ್ಥಿರಾಂಕದಿಂದ ಅವರ ಹೆಸರು ಜಗತ್ತಿಗೆಲ್ಲ ಗೊತ್ತು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಅವರ ಬಗ್ಗೆ ಬರೆದ ಮೇಲೆ ಆ ಖ್ಯಾತಿ ಇನ್ನೂ ಹರಡಿತು. ಅವರ ಹೆಸರಿನ ಇನ್ನೊಂದು ಜಾತಿಯ ಸಂಖ್ಯೆಗಳಿವೆ. 703ರ ವರ್ಗ 494209. ಅದನ್ನು ನಡುವೆ ಕತ್ತರಿಸಿ ಕೂಡಿಸಿ: 494+209=703. ಸಂಖ್ಯೆ ಮರಳಿ ಬಂತು. 297ರ ವರ್ಗ 88209; 88+209=297.

ಇವು ಎಲ್ಲಿಂದ ಬಂದವು? ವರ್ಗವನ್ನು ಕತ್ತರಿಸಿದಾಗ ಎಡಗಡೆಯ ತುಂಡು ಸಾವಿರದ ಲೆಕ್ಕದ್ದು. ಆ ಸಾವಿರಗಳನ್ನು ಒಂದೊಂದಾಗಿ ಎಣಿಸಿ ಕೂಡಿಸಿದೆವು ಎಂದರೆ, ಪ್ರತಿ ಸಾವಿರದಲ್ಲೂ 999 ಬಿಟ್ಟೆವು ಎಂದರ್ಥ. ಹಾಗೆ ಬಿಟ್ಟ ಮೇಲೂ ಮೂಲ ಸಂಖ್ಯೆಯೇ ಉಳಿಯಬೇಕಾದರೆ, ವರ್ಗದಿಂದ ಸಂಖ್ಯೆಯನ್ನು ಕಳೆದದ್ದು 999ರಿಂದ ಭಾಗವಾಗಬೇಕು. ವರ್ಗದಿಂದ ಸಂಖ್ಯೆಯನ್ನು ಕಳೆಯುವುದೆಂದರೆ ಸಂಖ್ಯೆಯನ್ನೂ ಅದರ ಹಿಂದಿನದನ್ನೂ ಗುಣಿಸುವುದು. ಪಕ್ಕಪಕ್ಕದ ಎರಡು ಸಂಖ್ಯೆಗಳಿಗೆ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರದು. ಆದ್ದರಿಂದ 37 ಒಬ್ಬರ ಪಾಲಿಗೆ ಹೋದರೆ 27 ಇಡಿಯಾಗಿ ಇನ್ನೊಬ್ಬರ ಪಾಲಿಗೆ ಹೋಗಬೇಕು, ಇಲ್ಲವೇ ಎರಡೂ ಒಬ್ಬರಿಗೇ ಸೇರಬೇಕು. 703 ಎಂದರೆ 19×37, ಅದರ ಹಿಂದಿನ 702 ಎಂದರೆ 26×27. 297 ಎಂದರೆ 11×27, ಹಿಂದಿನ 296 ಎಂದರೆ 8×37. ಎರಡೂ ಒಬ್ಬರಿಗೇ ಸೇರಿದಾಗ ಸಿಗುವುದು 999. ಅದರ ವರ್ಗ 998001, ಅದೂ ಹಾಗೆಯೇ ಮರಳಿ ಬರುತ್ತದೆ. ಮೂರಂಕಿಯ ಕಪ್ರೇಕರ್ ಸಂಖ್ಯೆಗಳು ಈ ಮೂರೇ. ಕಾರಣ ತಿಳಿದಾಗ ಚಮತ್ಕಾರದ ಸೊಗಸು ಕುಂದುತ್ತದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 999 ಎರಡು ಪಾಲಾಗುವ ಈ ಬಗೆಯನ್ನು ಕಂಡ ಮೇಲೆ 703 ನನಗೆ ಮೊದಲಿಗಿಂತ ಹೆಚ್ಚು ಚೆಲುವಾಗಿ ಕಾಣುತ್ತದೆ.

ಆದರೆ ಇಲ್ಲಿಯವರೆಗೆ ಹೇಳಿದ ಯಾವುದೂ 37 ಒಂದರದೇ ಗುಣವಲ್ಲ. 37 ಮತ್ತು ಹತ್ತು ಸೇರಿದಾಗ ಹುಟ್ಟುವ ಗುಣಗಳು ಇವು. ಹನ್ನೆರಡರ ಲೆಕ್ಕದಲ್ಲಿ ಎಣಿಸುವ ಜನ ಇದ್ದಿದ್ದರೆ ಅವರು 37ನ್ನು 31 ಎಂದು ಬರೆಯುತ್ತಿದ್ದರು, ಮೂರು ಹನ್ನೆರಡು ಮತ್ತು ಒಂದು ಎಂದು. ಅವರ 111 ನಮ್ಮ 157 ಆಗುತ್ತಿತ್ತು, 37 ಅದನ್ನು ಭಾಗಿಸುವುದೇ ಇಲ್ಲ. 37ನ್ನು ತಿರುಗಿಸಿದರೆ 73, ಅದೂ ಅವಿಭಾಜ್ಯ. 37 ಹನ್ನೆರಡನೆಯ ಅವಿಭಾಜ್ಯವಾದರೆ 73 ಇಪ್ಪತ್ತೊಂದನೆಯದು, ಆ ಕ್ರಮಾಂಕಗಳೂ ತಿರುವುಮುರುವು. ನೋಡಲು ಚೆಂದ, ಹತ್ತರ ಬರಹ ಬಿಟ್ಟರೆ ಇಲ್ಲವಾಗುತ್ತದೆ. ಬರಹ ಬದಲಾದರೂ ಬದಲಾಗದ ಗುಣವನ್ನೇ ಸ್ವಂತ ಗುಣವೆನ್ನಬೇಕು. ಅದನ್ನು ಹುಡುಕಲು ನಾವೀಗ ಹದಿನೇಳನೆಯ ಶತಮಾನದ ಫ್ರಾನ್ಸಿಗೆ ಹೋಗೋಣ.

6, 28, 496ರಂತೆ ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ತಾನೇ ಸಮನಾಗುವ ಪರಿಪೂರ್ಣ ಸಂಖ್ಯೆಗಳನ್ನು ಹುಡುಕಲು, 2ರ ಘಾತದಿಂದ 1 ಕಳೆದಾಗ ಅವಿಭಾಜ್ಯ ಬರುವ ಸಂದರ್ಭಗಳು ಬೇಕು. ಬೊಲೋನ್ಯದ ಕತಾಲ್ದಿ 1603ರಲ್ಲಿ ಅಂಥ ಘಾತಗಳ ಪಟ್ಟಿಯಲ್ಲಿ 37ನ್ನೂ ಸೇರಿಸಿದ್ದ. 2ರ 37ನೆಯ ಘಾತದಿಂದ 1 ಕಳೆದರೆ 137438953471. ಇದು ಅವಿಭಾಜ್ಯವೋ ಅಲ್ಲವೋ ಎಂದು ಒಂದೊಂದಾಗಿ ಭಾಗಿಸಿ ನೋಡುವುದು ದೀರ್ಘ ಕೆಲಸ. ತುಲೂಸಿನ ನ್ಯಾಯಾಂಗದಲ್ಲಿದ್ದ ಪಿಯೆರ್ ದ ಫೆರ್ಮಾ 1640ರಲ್ಲಿ ಆ ಕೆಲಸವನ್ನು ಅತ್ಯಂತ ಚಿಕ್ಕದು ಮಾಡಿದ. ಇದಕ್ಕೆ ಅವಿಭಾಜ್ಯ ಭಾಜಕ ಇದ್ದರೆ ಅದು 74ರ ಅಪವರ್ತ್ಯಕ್ಕಿಂತ ಒಂದು ಹೆಚ್ಚಿರಲೇಬೇಕು ಎಂದು ಅವನು ಕಂಡುಕೊಂಡಿದ್ದ. 74 ಎಂದರೆ 37ರ ಎರಡರಷ್ಟು. ಹಾಗಾದರೆ ನೋಡಬೇಕಾದವು 75, 149, 223, ಹೀಗೆ. 75 ಅವಿಭಾಜ್ಯವಲ್ಲ. 149 ಭಾಗಿಸುವುದಿಲ್ಲ. 223 ಶೇಷವಿಲ್ಲದೆ ಭಾಗಿಸುತ್ತದೆ, ಭಾಗಲಬ್ಧ 616318177. ಕತಾಲ್ದಿಯ ಮಾತು ಎರಡೇ ಭಾಗಾಕಾರಗಳಲ್ಲಿ ಬಿತ್ತು.

ಇದನ್ನು ನೀವೂ ಮನೆಯಲ್ಲಿ ಪರೀಕ್ಷಿಸಬಹುದು, ಆ ಹನ್ನೆರಡಂಕಿಯ ಸಂಖ್ಯೆಯನ್ನು ಮುಟ್ಟದೆಯೇ. 2ರ 8ನೆಯ ಘಾತ 256. 223 ಕಳೆದರೆ ಶೇಷ 33. 33ರ ವರ್ಗ 1089. ಅದು 223ರ ಐದರಷ್ಟಾದ 1115ಕ್ಕೆ 26 ಕಡಿಮೆ. ಆದ್ದರಿಂದ 16ನೆಯ ಘಾತದ ಶೇಷವನ್ನು ಋಣ 26 ಎಂದು ಹಿಡಿಯಬಹುದು. 26ರ ವರ್ಗ 676, ಶೇಷ 7. ಇದು 32ನೆಯ ಘಾತದ್ದು. ಇನ್ನು ಐದು ಘಾತ ಬೇಕು. 7ನ್ನು 32ರಿಂದ ಗುಣಿಸಿದರೆ 224, ಶೇಷ 1. ಅಂದರೆ 2ರ 37ನೆಯ ಘಾತದಿಂದ 1 ಕಳೆದರೆ 223 ಅದನ್ನು ಭಾಗಿಸುತ್ತದೆ. ಇಂದು ಬ್ಯಾಂಕಿನ ಗುಪ್ತಲಿಪಿಯಿಂದ ಹಿಡಿದು ಎಲ್ಲೆಡೆ ಬಳಕೆಯಲ್ಲಿರುವ ‘ಫೆರ್ಮಾನ ಕಿರು ಪ್ರಮೇಯ’ ಇಂಥ ಲೆಕ್ಕಗಳ ನಡುವೆಯೇ ರೂಪುಗೊಂಡು ಅದೇ 1640ರ ಅಕ್ಟೋಬರ್ 18ರ ಪತ್ರದಲ್ಲಿ ಹೊರಬಂತು.

223 ಇನ್ನೊಂದು ಕಡೆಯೂ 37ರ ಜೊತೆ ಕಾಣಿಸಿಕೊಳ್ಳುತ್ತದೆ. ಯಾವುದೇ ಸಂಖ್ಯೆಯನ್ನು ಐದನೆಯ ಘಾತಗಳ ಮೊತ್ತವಾಗಿ ಬರೆಯಲು ಹೆಚ್ಚೆಂದರೆ ಎಷ್ಟು ಘಾತಗಳು ಬೇಕು ಎಂಬುದು ವಾರಿಂಗ್‌ನ ಸಮಸ್ಯೆಯ ಒಂದು ಭಾಗ. ಚೀನದ ಚೆನ್ ಜಿಂಗ್‌ರುನ್ 1964ರಲ್ಲಿ ಕೊಟ್ಟ ಉತ್ತರ 37. ಅಷ್ಟೂ ಬೇಕಾಗುವ ಸಂಖ್ಯೆ 223: ಮೂರರ ಐದನೆಯ ಘಾತ 243 ಆಗಲೇ ಮೀರಿತು, ಆದ್ದರಿಂದ ಆರು 32ಗಳು, ಮೂವತ್ತೊಂದು 1ಗಳು, ಒಟ್ಟು 37. ಒಂದೇ ಜೋಡಿ ಎರಡು ಕಡೆ ಬಂದಿದೆ. ಎರಡನ್ನೂ ಹೊಲಿಯುವ ದಾರವನ್ನು ನಾನು ಕಂಡಿಲ್ಲ. ಇದು ಕಾಕತಾಳೀಯವೆಂದೇ ನನ್ನ ತೀರ್ಮಾನ. ಪ್ರತಿ ಜೋಡಣೆಯಲ್ಲೂ ಗೂಢಾರ್ಥ ಹುಡುಕುವುದು ಸಂಖ್ಯಾಶಾಸ್ತ್ರಿಗಳ ದಾರಿ, ಗಣಿತದ್ದಲ್ಲ.

ಈಗ 37ರ ಅತ್ಯಂತ ಆಳದ ಗುಣಕ್ಕೆ ಬರುತ್ತೇನೆ. ಎರಡು ಪೂರ್ಣಾಂಕಗಳ ವರ್ಗಗಳ ಮೊತ್ತ ಇನ್ನೊಂದು ವರ್ಗವಾಗಬಹುದು, 9+16=25ರಂತೆ. ಘನಗಳಿಗಾಗಲೀ ಅದಕ್ಕೂ ಮೇಲಿನ ಘಾತಗಳಿಗಾಗಲೀ ಇದು ಸಾಧ್ಯವಿಲ್ಲವೆಂದು ಫೆರ್ಮಾ ಪುಸ್ತಕವೊಂದರ ಅಂಚಿನಲ್ಲಿ ಬರೆದಿಟ್ಟ. ಇನ್ನೂರು ವರ್ಷ ಕಳೆದರೂ ಕೆಲವೇ ಘಾತಗಳಿಗೆ ಸಾಧನೆ ಸಿಕ್ಕಿತ್ತು. 1847ರ ಮಾರ್ಚ್ 1ರಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಗೇಬ್ರಿಯಲ್ ಲಾಮೆ ಎದ್ದು ನಿಂತು, ಎಲ್ಲ ಘಾತಗಳಿಗೂ ತನ್ನಲ್ಲಿ ಸಾಧನೆ ಇದೆ ಎಂದು ಘೋಷಿಸಿದ. 1ರ ಘಾತಮೂಲಗಳೆಂಬ ಸಂಕೀರ್ಣ ಸಂಖ್ಯೆಗಳನ್ನು ಬಳಸಿ ಮೊತ್ತವನ್ನು ಅಪವರ್ತನಗಳಾಗಿ ಒಡೆಯುವುದು ಅವನ ಉಪಾಯ. ಸಭೆಯಲ್ಲಿದ್ದ ಲಿಯೂವಿಲ್ ಕೂಡಲೇ ಕೇಳಿದ ಪ್ರಶ್ನೆ ಮರ್ಮಕ್ಕೆ ತಾಗಿತು: ಸಾಮಾನ್ಯ ಪೂರ್ಣಾಂಕಗಳು ಅವಿಭಾಜ್ಯಗಳಾಗಿ ಒಂದೇ ಬಗೆಯಲ್ಲಿ ಒಡೆಯುತ್ತವೆ, ಆದರೆ ಈ ಹೊಸ ಸಂಖ್ಯೆಗಳೂ ಹಾಗೆಯೇ ಎನ್ನಲು ಆಧಾರವೇನು?

ಆಧಾರ ಇರಲಿಲ್ಲ. ಸಾಮಾನ್ಯ ಸಂಖ್ಯೆಗಳಿಗೆ −5ರ ವರ್ಗಮೂಲವನ್ನು ಸೇರಿಸಿದರೆ ಸಾಕು, 6 ಎರಡು ಬಗೆಯಲ್ಲಿ ಒಡೆಯುತ್ತದೆ: 2×3 ಎಂದೂ, (1+√−5)(1−√−5) ಎಂದೂ. ಮೇ 24ರಂದು ಲಿಯೂವಿಲ್ ಅಕಾಡೆಮಿಯಲ್ಲಿ ಜರ್ಮನಿಯಿಂದ ಬಂದ ಒಂದು ಪತ್ರ ಓದಿದ. ಬರೆದವನು ಎರ್ನ್ಸ್ಟ್ ಕುಮ್ಮರ್. ಈ ಏಕೈಕ ಅಪವರ್ತನ ಮುರಿಯುತ್ತದೆಂದು ತಾನು ಮೂರು ವರ್ಷ ಹಿಂದೆಯೇ ಪ್ರಕಟಿಸಿದ್ದಾಗಿಯೂ, ಅದನ್ನು ಸರಿಪಡಿಸುವ ಹೊಸ ಸಾಧನವನ್ನು ಕಂಡುಕೊಂಡಿರುವುದಾಗಿಯೂ ಅವನು ಬರೆದಿದ್ದ. ಅಧ್ಯಾಪಕ ಮಿತ್ರರಿಗೆ ಒಂದು ಮಾತು: ಈ ಕುಮ್ಮರ್ ವಿಶ್ವವಿದ್ಯಾಲಯಕ್ಕೆ ಹೋಗುವ ಮುಂಚೆ ಹತ್ತು ವರ್ಷ ಲೀಗ್ನಿಟ್ಸ್ ಊರಿನ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನು. ಅಲ್ಲಿ ಅವನ ಶಿಷ್ಯನಾಗಿದ್ದ ಹುಡುಗನೇ ಮುಂದೆ ಖ್ಯಾತನಾದ ಕ್ರೋನೆಕರ್.

ಪ್ರತಿ ಅವಿಭಾಜ್ಯಕ್ಕೂ, 1ರ ಅಷ್ಟನೆಯ ಘಾತಮೂಲಗಳಿಂದ ಕಟ್ಟಿದ ಒಂದು ಸಂಖ್ಯಾಲೋಕ ಇದೆ. ಅಲ್ಲಿ ಏಕೈಕ ಅಪವರ್ತನ ಎಷ್ಟು ಕೆಟ್ಟಿದೆ ಎಂದು ಅಳೆಯುವ ಒಂದು ಪೂರ್ಣಾಂಕವೂ ಇದೆ. ಅದನ್ನು ವರ್ಗಸಂಖ್ಯೆ ಎನ್ನುತ್ತಾರೆ. 19ರವರೆಗಿನ ಅವಿಭಾಜ್ಯಗಳಿಗೆ ಅದು 1, ಏನೂ ಕೆಟ್ಟಿಲ್ಲ. 23ಕ್ಕೆ 3, 29ಕ್ಕೆ 8, 31ಕ್ಕೆ 9. ಕುಮ್ಮರ್ ಕಂಡ ದೊಡ್ಡ ಸತ್ಯವೆಂದರೆ, ಅಪವರ್ತನ ಕೆಟ್ಟರೂ ಚಿಂತೆಯಿಲ್ಲ, ಆ ಅಳತೆಯನ್ನು ಆ ಅವಿಭಾಜ್ಯವೇ ಭಾಗಿಸದಿದ್ದರೆ ಸಾಕು, ಫೆರ್ಮಾನ ಮಾತನ್ನು ಆ ಘಾತಕ್ಕೆ ಸಾಧಿಸಬಹುದು. 23 ಮೂರನ್ನು ಭಾಗಿಸದು, 29 ಎಂಟನ್ನು ಭಾಗಿಸದು, 31 ಒಂಬತ್ತನ್ನು ಭಾಗಿಸದು. ಮುಂದಿನದು 37. ಅದರ ಅಳತೆ 37! ಎಲ್ಲ ಅವಿಭಾಜ್ಯಗಳೂ ದಾಟಿ ಬಂದ ಬಾಗಿಲಲ್ಲಿ ಮೊದಲು ಸಿಕ್ಕಿಬಿದ್ದದ್ದು 37. ಇಂಥವುಗಳಿಗೆ ಅನಿಯತ ಅವಿಭಾಜ್ಯ ಎಂದು ಹೆಸರು. ನೂರರ ಒಳಗೆ 37, 59, 67 ಮೂರೇ ಅಂಥವು.

ಈ ಅಳತೆಯನ್ನು ನೇರವಾಗಿ ಕಂಡುಹಿಡಿಯುವುದು ಬಲು ಕಷ್ಟ. ಕುಮ್ಮರ್ ಅದಕ್ಕೊಂದು ಅಡ್ಡದಾರಿ ತೋರಿಸಿದ, ಮತ್ತು ಆ ದಾರಿ ಹೋಗುವುದು ಯಾರೂ ನಿರೀಕ್ಷಿಸದ ಊರಿನ ಮೂಲಕ. ಮೊದಲ ಸಾವಿರ ಸಂಖ್ಯೆಗಳ ಹತ್ತನೆಯ ಘಾತಗಳನ್ನು ಕೂಡಿಸಲು ಜೇಕಬ್ ಬರ್ನೂಲಿ ಬಳಸಿದ ಭಿನ್ನರಾಶಿಗಳಿವೆ, 1713ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ. ಅರ್ಧ ಕಾಲುಗಂಟೆಗೂ ಕಡಿಮೆ ಹೊತ್ತಿನಲ್ಲಿ ಆ ಮೊತ್ತ ತೆಗೆದೆನೆಂದು ಅವನು ಹೆಮ್ಮೆಪಟ್ಟಿದ್ದ. ಬರ್ನೂಲಿ ಸಂಖ್ಯೆಗಳೆಂದು ಅವು ಪ್ರಸಿದ್ಧ. ನಮ್ಮ ಶ್ರೀನಿವಾಸ ರಾಮಾನುಜನ್ 1911ರಲ್ಲಿ ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಮೊದಲ ಪ್ರಬಂಧದ ವಿಷಯವೂ ಇವೇ. ಇವುಗಳ ಅಂಶಗಳನ್ನು, ಅಂದರೆ ಗೆರೆಯ ಮೇಲಿನ ಸಂಖ್ಯೆಗಳನ್ನು, ಅವಿಭಾಜ್ಯ ಭಾಗಿಸುತ್ತದೆಯೇ ಎಂದು ನೋಡಿದರೆ ಸಾಕು ಎಂದು ಕುಮ್ಮರ್ 1850ರಲ್ಲಿ ತೋರಿಸಿಕೊಟ್ಟ. 37ಕ್ಕೆ ಎರಡರಿಂದ ಮೂವತ್ತನಾಲ್ಕರವರೆಗಿನ ಸಮ ಕ್ರಮಾಂಕದವನ್ನು ನೋಡಬೇಕು. ಮೂವತ್ತೆರಡನೆಯದಕ್ಕೆ ಬಂದಾಗ ಗೆರೆಯ ಕೆಳಗೆ 510, ಮೇಲೆ, ಋಣಚಿಹ್ನೆ ಬಿಟ್ಟರೆ, 7709321041217.

ಮಗ್ಗಿಯ ಭಾಗದಲ್ಲಿ ಕಂಡ ಪರೀಕ್ಷೆಯನ್ನು ಈಗ ಹೊರತೆಗೆಯೋಣ. ಬಲದಿಂದ ಮೂರು ಮೂರಾಗಿ ಗೆರೆ ಎಳೆಯಿರಿ: 7, 709, 321, 041, 217. ಕೂಡಿಸಿ: 1295. ಮತ್ತೆ ಗೆರೆ ಎಳೆದು ಕೂಡಿಸಿ: 1+295=296. ಅದು 37ರ ಎಂಟರಷ್ಟು. ಕಪ್ರೇಕರ್ ಅವರ 297ರ ಹಿಂದೆ ನಿಂತಿದ್ದ ಅದೇ 296. ಕುಮ್ಮರ್‌ನ ಶೋಧವನ್ನು, ಅದರ ಈ ಒಂದು ಮೆಟ್ಟಿಲ ಮಟ್ಟಿಗಾದರೂ, ಆರನೆಯ ತರಗತಿಯ ಹುಡುಗಿ ಪೆನ್ಸಿಲು ಹಿಡಿದು ತಾಳೆ ನೋಡಬಹುದು. ಇಲ್ಲಿ ಪರೀಕ್ಷಿಸುವ ವಿಧಾನ ಹತ್ತರ ಬರಹದ್ದು. ಪರೀಕ್ಷೆಗೊಳಗಾದ ಸತ್ಯ ಮಾತ್ರ ಯಾವ ಬರಹಕ್ಕೂ ಸೇರಿದ್ದಲ್ಲ. ಹನ್ನೆರಡರಲ್ಲಿ ಎಣಿಸುವವರಿಗೂ, ಎರಡರಲ್ಲಿ ಎಣಿಸುವ ಯಂತ್ರಕ್ಕೂ 37 ಮೊದಲ ಅನಿಯತ ಅವಿಭಾಜ್ಯವೇ. ಇದು 37ರ ಸ್ವಂತ ಗುಣ.

ಮುಂದಿನ ಕಥೆ ಬೇಗ ಹೇಳಬಹುದು. ಪ್ಯಾರಿಸ್ಸಿನ ಅಕಾಡೆಮಿ 1857ರಲ್ಲಿ, ಸ್ಪರ್ಧೆಗೆ ಹೆಸರೇ ಕೊಡದಿದ್ದ ಕುಮ್ಮರ್‌ಗೆ 3000 ಫ್ರಾಂಕುಗಳ ಬಹುಮಾನ ಕೊಟ್ಟಿತು. 37ರ ಘಾತವೊಂದನ್ನೇ ಹಿಡಿದು ಮಿರಿಮಾನೋಫ್ 1893ರಲ್ಲಿ ಪ್ರತ್ಯೇಕ ಪ್ರಬಂಧ ಬರೆದ. ಅನಿಯತ ಅವಿಭಾಜ್ಯಗಳು ಅನಂತವಾಗಿವೆ ಎಂದು 1915ರಲ್ಲಿ ಯೆನ್ಸೆನ್ ಸಾಧಿಸಿದ. ಫೆರ್ಮಾನ ಮಾತು ಎಲ್ಲ ಘಾತಗಳಿಗೂ ನಿಜವೆಂದು ಆಂಡ್ರೂ ವೈಲ್ಸ್ ಬೇರೆಯೇ ದಾರಿಯಲ್ಲಿ ನಡೆದು 1995ರಲ್ಲಿ ಪ್ರಕಟಿಸಿದರು. ಆದರೂ ಒಂದು ಪ್ರಶ್ನೆ ಹಾಗೆಯೇ ಉಳಿದಿದೆ. ಸಿಕ್ಕಿಬೀಳದೆ ದಾಟುವ ನಿಯತ ಅವಿಭಾಜ್ಯಗಳೇ ಹೆಚ್ಚು, ನೂರರಲ್ಲಿ ಸುಮಾರು ಅರವತ್ತು ಇರಬೇಕೆಂದು ಜೀಗೆಲ್ 1964ರಲ್ಲಿ ಊಹಿಸಿದ. ಗಣಕಯಂತ್ರದ ಲೆಕ್ಕವೂ ಹಾಗೆಯೇ ಹೇಳುತ್ತದೆ. ಅಂಥವು ಅನಂತವಾಗಿವೆ ಎಂಬುದನ್ನು ಮಾತ್ರ ಇಂದಿನವರೆಗೂ ಯಾರೂ ಸಾಧಿಸಿಲ್ಲ.

ಸಭೆಯಲ್ಲಿರುವ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹ. 185ರ ಆಟವನ್ನು ಮಕ್ಕಳಿಗೆ ಹೇಳಿಕೊಡಿ, ಆದರೆ ಕಾರಣವನ್ನು ನೀವಾಗಿ ಹೇಳಬೇಡಿ. ಅವರು 999ರ ತನಕ ತಾವಾಗಿ ತಲುಪಲಿ, ಒಂದು ವಾರ ಹಿಡಿದರೂ ಸರಿ. ತಲುಪಿದವರಿಗೆ 41ನ್ನು ಕೊಡಿ. ಅದರ ಐದಂಕಿಯ ಅಪವರ್ತ್ಯಗಳನ್ನು ತಿರುಗಿಸಿ ನೋಡಿ, ಯಾಕೆ ಐದೇ ಅಂಕಿ ಬೇಕು ಎಂದು ಅವರೇ ಕಂಡುಹಿಡಿಯಲಿ.